ಬ್ರೆಜಿಲ್‌ಗೆ ಪೋರ್ಚುಗೀಸ್ ಹೇಗೆ ಬಂತು?

ಪ್ರಶ್ನೆ: ಅಕ್ಕಪಕ್ಕದ ದೇಶಗಳಲ್ಲಿ ಹೆಚ್ಚಾಗಿ ಸ್ಪ್ಯಾನಿಷ್. ಬ್ರೆಜಿಲ್‌ನಲ್ಲಿ ಮಾತ್ರ ಪೋರ್ಚುಗೀಸ್ ಯಾಕೆ? ಅಲ್ಲಿಯವರ ಊಟ ಹೇಗಿರುತ್ತದೆ?
– ಓದುಗರು, ಪುತ್ತೂರು

ಉತ್ತರ: 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕೂತು, ಇನ್ನೂ ಸರಿಯಾಗಿ ನೋಡಿಯೇ ಇರದ ಜಗತ್ತನ್ನು ಒಂದು ಗೆರೆ ಎಳೆದು ಹಂಚಿಕೊಂಡವು. ಧೈರ್ಯ ನೋಡಿ! ಗೆರೆಯ ಪೂರ್ವದ ಪಾಲು ಪೋರ್ಚುಗಲ್‌ಗೆ, ಬ್ರೆಜಿಲ್ ತೀರ ಬಿದ್ದದ್ದು ಆ ಪಾಲಿನಲ್ಲೇ. 1500ರಲ್ಲಿ ಪೋರ್ಚುಗಲ್‌ನ ನಾವಿಕ ಕಬ್ರಾಲ್ ಅಲ್ಲಿಗೆ ಬಂದ, ಕೆಲವೇ ದಿನ ಇದ್ದು ಅಲ್ಲಿಂದ ನಮ್ಮ ಕಡಲಿಗೇ ಹೊರಟ, ಕಲ್ಲಿಕೋಟೆಗೆ. ಆಮೇಲೆ ಪೋರ್ಚುಗೀಸರು ಬ್ರೆಜಿಲ್‌ನಲ್ಲಿ ನೆಲೆಸಿ ಆಳಿದರು. 1822ರಲ್ಲಿ ದೇಶ ಸ್ವತಂತ್ರವಾಯಿತು, ಅವರ ಭಾಷೆ ಉಳಿಯಿತು. ಈಗ ಪೋರ್ಚುಗಲ್‌ಗಿಂತ ಅಲ್ಲೇ ಆ ಭಾಷೆ ಆಡುವವರು ಎಷ್ಟೋ ಜಾಸ್ತಿ.

ಊಟ ಅಂದರೆ ದಿನವೂ ಅನ್ನ ಮತ್ತು ಬೇಯಿಸಿದ ಹುರುಳಿಕಾಯಿ ಜಾತಿಯ ಕಾಳು. ನಮ್ಮ ಅನ್ನ ಸಾರಿನ ಹಾಗೇ, ಅಲ್ವಾ? ಫೆಜ್ವಾಡ ಅಂತ ಒಂದಿದೆ: ಕಪ್ಪು ಕಾಳನ್ನು ಹಂದಿಮಾಂಸದ ಜೊತೆ ನಿಧಾನಕ್ಕೆ ಬೇಯಿಸಿ, ಪಕ್ಕದಲ್ಲಿ ಕಿತ್ತಳೆ ಹೋಳು ಇಡುತ್ತಾರೆ, ಮೇಲೆ ಹುರಿದ ಮರಗೆಣಸಿನ ಹಿಟ್ಟು ಉದುರಿಸಿಕೊಳ್ಳುತ್ತಾರೆ.

ಪುತ್ತೂರಿನವರಿಗೆ ಇನ್ನೊಂದು ಮಾತು. ನಿಮ್ಮ ಗುಡ್ಡದ ಗೇರುಮರದ ತವರು ಬ್ರೆಜಿಲ್. ಪೋರ್ಚುಗೀಸರೇ ತಂದದ್ದು. ಅಲ್ಲಿಯವರು ಬೀಜ ಮಾತ್ರ ಅಲ್ಲ, ಹಣ್ಣನ್ನೂ ಹಿಂಡಿ ಜ್ಯೂಸ್ ಮಾಡಿ ಕುಡಿಯುತ್ತಾರೆ. ನಾವು ಸುಮ್ನೆ ಮರದಡಿ ಕೊಳೆಯಲು ಬಿಡುತ್ತೇವೆ.