ಹಾಸ್ಟೆಲ್ ಬಿಟ್ಟು ರೂಮು ಮಾಡಲೇ?

ಪ್ರಶ್ನೆ: ಮೇಡಂ, ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಬಳ್ಳಾರಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ, ಎರಡನೇ ಸೆಮಿಸ್ಟರ್. ಕ್ಯಾಂಪಸ್ ಹಾಸ್ಟೆಲ್‌ನ ಒಂದು ಕೋಣೆಯಲ್ಲಿ ನಾಲ್ವರಿದ್ದೇವೆ. ನನಗೆ ರಾತ್ರಿ ಓದಿದರೇ ತಲೆಗೆ ಹತ್ತುವುದು. ಉಳಿದ ಮೂವರಿಗೆ ಹತ್ತೂವರೆಗೆಲ್ಲ ದೀಪ ಆರಬೇಕು. ನಾಲ್ಕನೇ ಸೆಮಿಸ್ಟರ್‌ನ ಇಬ್ಬರು ಅಕ್ಕಂದಿರು ಗಾಂಧಿನಗರದ ಕಡೆ ಮಹಡಿಯ ಮೇಲಿನ ಒಂದು ರೂಮು ನೋಡಿದ್ದಾರೆ. ಬಾಡಿಗೆ 6,000, ಅಡ್ವಾನ್ಸ್ 30,000, ಮೂವರೂ ಹಂಚಿಕೊಳ್ಳುವುದು. ನಾವೇ ಅಡುಗೆ ಮಾಡಿಕೊಂಡರೆ ಮೆಸ್ಸಿಗಿಂತ ಅಗ್ಗವಾಗುತ್ತದೆ ಎನ್ನುತ್ತಾರೆ. ‘ಹೆಣ್ಣುಮಕ್ಕಳು ಬಾಡಿಗೆ ರೂಮಿನಲ್ಲಿದ್ದರೆ ಊರಲ್ಲಿ ನಾಲ್ಕು ಮಂದಿ ಏನೆಂದಾರು’ ಎಂದು ಅಪ್ಪ ಒಪ್ಪುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ತಂಗಿ, ಆ ಅಕ್ಕಂದಿರು ನಾಲ್ಕನೇ ಸೆಮಿಸ್ಟರ್‌ನವರು ಎಂಬ ಸಾಲನ್ನು ಮತ್ತೊಮ್ಮೆ ಓದಿದೆ. ಪರೀಕ್ಷೆ ಮುಗಿಯುತ್ತಲೇ ಅವರು ಗಂಟುಮೂಟೆ ಕಟ್ಟುತ್ತಾರೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಮಾಲೀಕರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಅವರು ಹೋದ ಮೇಲೆ ಉಳಿದ ತಿಂಗಳುಗಳ ಆರು ಸಾವಿರ ಯಾರ ತಲೆಯ ಮೇಲೆ? ಅವರು ತಮ್ಮ ಪಾಲಿನ ಅಡ್ವಾನ್ಸನ್ನು ಹೋಗುವಾಗಲೇ ಕೇಳುತ್ತಾರೆ, ಮಾಲೀಕರು ಮನೆ ಖಾಲಿಯಾದ ಮೇಲೆ ಕೊಡುತ್ತೇನೆ ಎನ್ನುತ್ತಾರೆ. ನಡುವೆ ಸಿಕ್ಕಿಕೊಳ್ಳುವವಳು ನೀನು. ಅವರ ಮನಸ್ಸು ಒಳ್ಳೆಯದೇ ಇರಬಹುದು, ಲೆಕ್ಕ ಮಾತ್ರ ನಿನಗೆ ಕೂಡಿಬರುವುದಿಲ್ಲ. ನಿಮ್ಮದು ಭತ್ತ ಬೆಳೆಯುವ ಮನೆಯಾಗಿದ್ದರೆ ಅಪ್ಪನ ಕೈಗೆ ದುಡ್ಡು ಬರುವುದು ಫಸಲು ಮಾರಿದಾಗ. ಬಾಡಿಗೆ ಪ್ರತಿ ತಿಂಗಳೂ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಆದ್ದರಿಂದ ಈ ರೂಮು ಬೇಡ.

ಅಪ್ಪ ಹೇಳಿದ ಕಾರಣಕ್ಕೆ ಬೇಡ ಎನ್ನುತ್ತಿಲ್ಲ ನಾನು. ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿ ಹಲವು ವರ್ಷ ಕೆಲಸ ಮಾಡಿದವಳು. ಹಾಸ್ಟೆಲ್ ಸಿಗದೆ ಇದೇ ಊರಿನಲ್ಲಿ ರೂಮು ಮಾಡಿಕೊಂಡು, ಅಮ್ಮ ಸಿರುಗುಪ್ಪದ ಮೇಲೆ ಬರುವ ಬಸ್ಸಿಗೆ ಹಾಕಿ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ನಿಲ್ದಾಣದಲ್ಲಿ ಇಳಿಸಿಕೊಂಡು ಓದಿ ನೌಕರಿ ಹಿಡಿದ ಹುಡುಗಿಯರನ್ನು ಬಲ್ಲೆ. ಅವರ ನಡತೆಯ ಬಗ್ಗೆ ಊರಲ್ಲಿ ಕೂತು ಮಾತನಾಡಿದವರಲ್ಲಿ ಯಾರೊಬ್ಬರೂ ಅವರ ಫೀಸು ಕಟ್ಟಲಿಲ್ಲ. ನಿನ್ನ ಅಪ್ಪನೂ ಈ ಅಂಕಣ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ: ಅಣ್ಣಾ, ಮಗಳ ಭದ್ರತೆಯ ಚಿಂತೆ ನಿಮ್ಮದು, ಅದು ನ್ಯಾಯ. ಮುಂದೆ ಅವಳು ಮನೆ ನೋಡುವಾಗ ಜೊತೆಗೆ ಬನ್ನಿ, ಮಾಲೀಕರೊಂದಿಗೆ ಮಾತನಾಡಿ, ಬೀದಿದೀಪ ಉರಿಯುತ್ತದೆಯೇ ಎಂದು ಕತ್ತಲಾದ ಮೇಲೊಮ್ಮೆ ನೋಡಿ. ನಾಲ್ಕು ಮಂದಿಯ ಬಾಯಿಗೆ ಹೆದರಿ ಅವಳನ್ನು ಕಟ್ಟಿಹಾಕಬೇಡಿ.

ಇನ್ನು ಆ ರೂಮನ್ನು ನೀನು ಯಾವ ಹೊತ್ತಿನಲ್ಲಿ ನೋಡಿದೆಯೋ ಬರೆದಿಲ್ಲ. ಸಂಜೆ ಹೋಗಿದ್ದರೆ ಗಾಳಿ ಚೆನ್ನಾಗಿ ಬೀಸಿರುತ್ತದೆ. ಮಹಡಿಯ ಮೇಲಿನ ಒಂಟಿ ರೂಮನ್ನು ಬಳ್ಳಾರಿಯಲ್ಲಿ ನೋಡಬೇಕಾದುದು ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ. ಬಿಸಿಲು 40 ಡಿಗ್ರಿ ದಾಟಿದ ದಿನ ನಾಲ್ಕೂ ಗೋಡೆ, ಮೇಲಿನ ಸ್ಲ್ಯಾಬು ಕಾದು, ರಾತ್ರಿ ಹನ್ನೊಂದಕ್ಕೂ ಗೋಡೆಗೆ ಅಂಗೈ ಇಟ್ಟರೆ ಬಿಸಿ ಹತ್ತುತ್ತದೆ. ಪಕ್ಕದ ಸಿಂಟೆಕ್ಸ್‌ನಿಂದ ಬರುವ ನೀರಿನಲ್ಲಿ ಮುಖ ತೊಳೆಯಲಾಗುವುದಿಲ್ಲ. ನೀನು ಓದಬೇಕೆಂದಿರುವುದು ಅದೇ ಹೊತ್ತಿನಲ್ಲಿ.

ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪಿನ ಮೋಟಾರಿನ ಸ್ವಿಚ್ಚು ಯಾರ ಕೈಯಲ್ಲಿದೆ ಎಂದು ಕೇಳದೆ ಯಾವ ಮನೆಗೂ ಅಡ್ವಾನ್ಸ್ ಕೊಡಬೇಡ. ಹಾಗೆಯೇ ರೂಮಿಗೆ ಪ್ರತ್ಯೇಕ ಮೀಟರ್ ಇದೆಯೇ ಕೇಳು. ಸ್ವಂತ ಆರ್.ಆರ್. ಸಂಖ್ಯೆ ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಅನ್ವಯಿಸುತ್ತದೆ. ಮಾಲೀಕರ ಮೀಟರಿನಿಂದ ಎಳೆದ ಸಬ್‌ಮೀಟರ್ ಆದರೆ ಯೂನಿಟ್‌ಗೆ ಅವರು ಹೇಳಿದ್ದೇ ದರ.

ಅಡುಗೆಯ ಉಳಿತಾಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಕ್ಕಿ ಊರಿಂದ ಬರಬಹುದು. ಐದು ಕಿಲೋ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ ಸಿಗುತ್ತದೆ ನಿಜ, ಆದರೆ ಕಿಲೋ ಲೆಕ್ಕದಲ್ಲಿ ಮನೆಯ ಸಿಲಿಂಡರ್‌ಗಿಂತ ದುಬಾರಿ. ಅದಕ್ಕಿಂತ ದೊಡ್ಡ ಖರ್ಚು ಹೊತ್ತಿನದು. ತರಕಾರಿ, ಪಾತ್ರೆ, ಕಸ, ನೀರು ಹಿಡಿಯುವುದು, ಜೊತೆಗೆ ತರಗತಿಗೆ ಹೋಗಿಬರುವುದು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದೀಚೆಗೆ ನಿನಗೆ ಟಿಕೆಟ್ ಖರ್ಚಿಲ್ಲ. ಬಸ್ಸಿಗೆ ಕಾಯುವುದು ತಪ್ಪಿಲ್ಲ. ಮೂವರಲ್ಲಿ ಕಿರಿಯವಳು ನೀನು. ಕಿರಿಯವಳ ಪಾಲಿಗೆ ಎಷ್ಟು ಪಾತ್ರೆ ಬೀಳುತ್ತವೆ ಎಂಬುದನ್ನು ನಮ್ಮ ಮನೆಗಳಲ್ಲೇ ನೋಡಿಲ್ಲವೇ?

ನಿನಗೆ ನಿಜವಾಗಿ ಬೇಕಿರುವುದು ರಾತ್ರಿಯ ಎರಡು ಮೂರು ಗಂಟೆ ಬೆಳಕು. ಅದನ್ನು ಮೊದಲು ಇದ್ದಲ್ಲೇ ಕೇಳು. ವಾರ್ಡನ್‌ಗೆ ಬಾಯಿಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಅರ್ಜಿ ಬರೆದುಕೊಡು: ರಾತ್ರಿ ಓದುವವರನ್ನು ಒಂದೇ ಕೋಣೆಗೆ ಹಾಕಿಕೊಡಿ, ಇಲ್ಲವೇ ಊಟದ ಹಾಲನ್ನು ಹನ್ನೆರಡರವರೆಗೆ ತೆರೆದಿಡಿ. ನಿನ್ನಂಥವರು ಇನ್ನೂ ಐದಾರು ಮಂದಿ ಇದ್ದೇ ಇರುತ್ತಾರೆ, ಅವರ ಸಹಿಯನ್ನೂ ಹಾಕಿಸು. ಇಂಥ ಅರ್ಜಿ ನನ್ನ ಮೇಜಿಗೆ ಬಂದಾಗ ತಳ್ಳಿಹಾಕುವುದು ನನಗೆ ಕಷ್ಟವಾಗುತ್ತಿತ್ತು.

ಆಗಲೂ ಆಗದಿದ್ದರೆ ಮೂರನೇ ಸೆಮಿಸ್ಟರ್ ಶುರುವಾಗುವ ಮುನ್ನ ನಿನ್ನದೇ ತರಗತಿಯ ಇಬ್ಬರನ್ನು ಜೊತೆ ಮಾಡಿಕೊಂಡು, ಕ್ಯಾಂಪಸ್‌ಗೆ ನಡೆದು ಹೋಗುವಷ್ಟು ಹತ್ತಿರ, ಕೆಳಮಹಡಿಯ ಮನೆ ಹುಡುಕು. ಕರಾರಿನಲ್ಲಿ ಮೂವರ ಹೆಸರೂ ಇರಲಿ. ವಿದ್ಯಾಸಿರಿಯ ನೆರವು ಸಿಗುತ್ತದೆಂದು ಯಾರಾದರೂ ಹೇಳಿದರೆ, ಅದು ಹಾಸ್ಟೆಲ್ ಸಿಗದವರಿಗಾಗಿ ಬಂದ ಯೋಜನೆ. ಸಿಕ್ಕ ಸೀಟನ್ನು ಬಿಡುವ ಮುನ್ನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೋ.

ಆ ಅಕ್ಕಂದಿರಿಗೆ ಮಾತ್ರ ಈ ವಾರವೇ ಹೇಳಿಬಿಡು. ಅವರು ಅಡ್ವಾನ್ಸ್ ಕೊಡುವ ಮೊದಲೇ ಮೂರನೆಯವಳನ್ನು ಹುಡುಕಿಕೊಳ್ಳಬೇಕು.