ಬ್ಲೂಬೆರಿ ಎಲೆ ಹಳದಿಯಾಗಿ, ಕೆಂಪಾಗಿ ಒಣಗುತ್ತಿದ್ದರೆ ರೋಗವನ್ನು ಗುರುತಿಸುವುದು ಹೇಗೆ?

ಸೋಮವಾರಪೇಟೆಯ ಬಳಿ ಕಾಫಿ ತೋಟದ ಅಂಚಿನಲ್ಲಿ ಗ್ರೋಬ್ಯಾಗ್‌ಗಳಲ್ಲಿಟ್ಟ ಇಪ್ಪತ್ತು ಬ್ಲೂಬೆರಿ ಗಿಡಗಳ ಪೈಕಿ ಕೆಲವು ಕಕ್ಕಡದ (ಜುಲೈ-ಆಗಸ್ಟ್) ಮಳೆ ಕಳೆದ ಮೇಲೆ ಹಳದಿಯಾಗಿವೆ, ಕೆಲವು ಕೆಂಪಾಗಿ ಒಣಗುತ್ತಿವೆ, ಯಾವ ಔಷಧಿ ಹೊಡೆಯಲಿ ಎಂದು ಕೇಳಿದ್ದೀರಿ. ಮಡಿಕೇರಿ ಸಮೀಪದ ನಮ್ಮ ತೋಟದಲ್ಲಿ ಬಿಲಾಕ್ಸಿ ಮತ್ತು ಮಿಸ್ಟಿ ತಳಿಗಳನ್ನು ಬೆಳೆಸಿ, ಒಂದಷ್ಟನ್ನು ಕಳೆದುಕೊಂಡು, ಮತ್ತೆ ನೆಟ್ಟವನು ನಾನು. ನನ್ನ ಅನುಭವದಲ್ಲಿ ನಮ್ಮ ಕಡೆ ಈ ಗಿಡಕ್ಕೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಬೇರಿನಲ್ಲಿ ಹುಟ್ಟಿ ಎಲೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಎಲೆ ನೋಡಿ ಔಷಧಿ ತರುವ ಮೊದಲು ಬೇರು ನೋಡಬೇಕು.

ತೀರಾ ಸೊರಗಿದ ಒಂದು ಗಿಡವನ್ನು ಚೀಲದಿಂದ ಮೆಲ್ಲಗೆ ಹೊರತೆಗೆಯಿರಿ. ಬ್ಲೂಬೆರಿಯ ಆರೋಗ್ಯವಂತ ಬೇರು ಕೂದಲಿನಷ್ಟು ತೆಳ್ಳಗಿದ್ದು, ತಿಳಿ ಕಂದು ಬಣ್ಣದ ಜಾಲದಂತೆ ಮಣ್ಣನ್ನು ಹಿಡಿದುಕೊಂಡಿರುತ್ತದೆ. ಆ ಸಣ್ಣ ಬೇರುಗಳೇ ಇಲ್ಲದೆ, ಉಳಿದವು ಕಪ್ಪಾಗಿ ಮೆತ್ತಗಾಗಿದ್ದರೆ ಫೈಟೋಫ್ತೊರಾ ಎಂಬ ರೋಗಾಣುವಿನಿಂದ ಬರುವ ಬೇರು ಕೊಳೆಯನ್ನು ಮೊದಲು ಸಂಶಯಿಸಬೇಕು. ನಮ್ಮ ಕಾಳುಮೆಣಸಿನ ಬಳ್ಳಿಯನ್ನು ಕೊಲ್ಲುವ ಸೊರಗು ರೋಗದ ರೋಗಾಣುವೂ ಇದೇ ಕುಲದ್ದು, ಜಾತಿ ಮಾತ್ರ ಬೇರೆ. ನೀರು ನಿಂತ ಚೀಲದಲ್ಲಿ ಇದಕ್ಕೆ ಹಬ್ಬ. ಚೀಲವನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟದಿದ್ದರೆ ಯಾವ ಔಷಧಿ ಸುರಿದರೂ ಹೆಚ್ಚಿನ ಪ್ರಯೋಜನವಾಗದು. ಬೇರು ಕೊಳೆತಿರದೆ ಕಡಿದಂತೆ ಮೊಂಡಾಗಿದ್ದರೆ ಮಣ್ಣನ್ನು ಕೆದಕಿ ನೋಡಿ, ಬಿಳಿಯ ಗೊಣ್ಣೆ ಹುಳು ಸುರುಳಿ ಸುತ್ತಿಕೊಂಡು ಕೂತಿರಬಹುದು.

ಬೇರು ಚೆನ್ನಾಗಿದ್ದು, ಹೊಸ ಚಿಗುರೆಲೆಗಳು ಮಾತ್ರ ಹಳದಿಯಾಗಿ ನರಗಳು ಹಸಿರಾಗಿಯೇ ಉಳಿದಿದ್ದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ. ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು. ಮೆಣಸಿನ ಬುಡಕ್ಕೆ ಬೋರ್ಡೋ ದ್ರಾವಣ ಹಾಕುವ ಅಭ್ಯಾಸದಿಂದ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ ಬೆರೆಸಿ, ಅದೇ ದ್ರಾವಣವನ್ನು ಮುಂಗಾರಿನಲ್ಲಿ ಮೂರು ಸಲ ಬ್ಲೂಬೆರಿ ಚೀಲಗಳಿಗೂ ಹುಯ್ದೆ. ಕೊಳೆ ಬರಲಿಲ್ಲ ನಿಜ, ಆದರೆ ಚಿಗುರೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಕಾಫಿಗೆ ಸುಣ್ಣ ಹಾಕಿ ಮಣ್ಣಿನ ಹುಳಿ ಕಡಿಮೆ ಮಾಡುವುದೇ ನಮಗೆ ರೂಢಿ, ಬ್ಲೂಬೆರಿಗೋ 4.5ರಿಂದ 5.5ರ ನಡುವಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಬೇಕು. ಅದು ಏರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಚೀಲೇಟ್ ರೂಪದ, ಅಂದರೆ ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ ತಾತ್ಕಾಲಿಕ ಪರಿಹಾರ ಕೊಡುತ್ತದೆ. ಗಂಧಕದ ಪುಡಿಯಿಂದ ಪಿಎಚ್ ಇಳಿಯಲು ತಿಂಗಳುಗಳೇ ಬೇಕು.

ಇಡೀ ಗಿಡ ಹಸಿರಾಗಿದ್ದು ಒಂದೇ ಕೊಂಬೆಯ ಎಲೆಗಳು ಕೆಂಪಾಗಿ, ಕಂದಾಗಿ, ಉದುರದೆ ನೇತಾಡುತ್ತಿದ್ದರೆ ಸಂಗತಿ ಬೇರೆ. ನಮ್ಮಲ್ಲಿ ಹಾಗಾದಾಗ ತೋಟದ ಕೆಲಸದವರು ಅರೇಬಿಕಾದ ಕಾಂಡಕೊರಕವೇ ಇಲ್ಲಿಗೂ ಬಂತೆಂದು ಹೆದರಿದರು. ಕೊಂಬೆಯನ್ನು ಕತ್ತಿಯಿಂದ ಉದ್ದಕ್ಕೆ ಸೀಳಿದೆ. ಸುರಂಗವಿರಲಿಲ್ಲ, ಹುಡಿಯೂ ಇರಲಿಲ್ಲ, ಕಟ್ಟಿಗೆಯ ಒಂದು ಪಾರ್ಶ್ವ ಮಾತ್ರ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿತ್ತು. ಇದು ಬೊಟ್ರಿಯೊಸ್ಫೇರಿಯಾ ಶಿಲೀಂಧ್ರದಿಂದ ಬರುವ ಕಾಂಡ ಒಣಗುವ ರೋಗ. ಕಂದು ಬಣ್ಣ ಮುಗಿಯುವ ಜಾಗದಿಂದ ಕನಿಷ್ಠ 15 ಸೆಂಟಿಮೀಟರ್ ಕೆಳಗೆ, ಮಳೆಯಿಲ್ಲದ ದಿನ ಕಪಾತು ಮಾಡಿ, ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಡಿದದ್ದನ್ನು ಸುಟ್ಟುಬಿಡಬೇಕು.

ಎಲೆಯ ಹಿಂಬದಿಯಲ್ಲಿ ಕಿತ್ತಳೆ ಹುಡಿ ಕಂಡರೆ ತುಕ್ಕು ರೋಗ. ಕಾಫಿಯ ತುಕ್ಕಿಗೆ ಕಾರಣವಾದ ಶಿಲೀಂಧ್ರವೇ ಬೇರೆ, ಅದು ಕಾಫಿ ಗಿಡದಿಂದ ಇದಕ್ಕೆ ಹಾರುವುದಿಲ್ಲ. ಚಿಗುರು ಮುರುಟಿ ಕಂಚಿನ ಬಣ್ಣಕ್ಕೆ ತಿರುಗಿದ್ದರೆ ಬಿಳಿ ಕಾಗದದ ಮೇಲೆ ತಟ್ಟಿ, ಮಸೂರದಲ್ಲಿ ನೋಡಿ. ಹಳದಿಯ ಸಣ್ಣ ಗೀಟಿನಂಥ ಹುಳುಗಳು ಓಡಾಡಿದರೆ ಅದು ಮೆಣಸಿನಕಾಯಿ ಗಿಡವನ್ನೂ ಕಾಡುವ ಥ್ರಿಪ್ಸ್ ಕೀಟ ಇರಬಹುದು. ಇರುವೆಗಳ ಸಾಲು ಹತ್ತುತ್ತಿದ್ದು ಎಲೆಗೆ ಮಸಿ ಹಿಡಿದಿದ್ದರೆ ಶಲ್ಕ ಕೀಟವನ್ನೋ ಹಿಟ್ಟು ತಿಗಣೆಯನ್ನೋ ಹುಡುಕಿ. ಡಿಸೆಂಬರಿನ ಚಳಿಯಲ್ಲಿ ಹಳೆಯ ಎಲೆ ಕೆಂಪಾಗುವುದು ಮಾತ್ರ ಸಹಜ, ಅದಕ್ಕೆ ಗಾಬರಿ ಬೇಡ.

ಹಣ್ಣು ಬಂದಾಗ ಎರಡು ಕೊಳೆ ರೋಗಗಳನ್ನು ಗಮನಿಸಿ. ಮಾಗಿದ ಹಣ್ಣು ಕುಗ್ಗಿ ಕಿತ್ತಳೆ ಬಣ್ಣದ ಅಂಟು ಹನಿ ಕಾಣಿಸಿಕೊಂಡರೆ ಆಂಥ್ರಾಕ್ನೋಸ್, ಬೂದು ಬಣ್ಣದ ಬೂಸ್ಟು ಹತ್ತಿದರೆ ಬೊಟ್ರೈಟಿಸ್. ಹಣ್ಣಿನೊಳಗೆ ನೊಣದ ಹುಳು ಇರುವ ಸಂಶಯವಿದ್ದರೆ ಒಂದು ಹಿಡಿ ಹಣ್ಣನ್ನು ಮೆಲ್ಲಗೆ ಅದುಮಿ ಉಪ್ಪುನೀರಿನಲ್ಲಿ ಕಾಲು ಗಂಟೆ ಬಿಡಿ, ಬಿಳಿ ಹುಳುಗಳು ತಾವಾಗಿಯೇ ಹೊರಬರುತ್ತವೆ. ಉಳಿದ ಹಣ್ಣನ್ನು ಪಿಕಳಾರ ಹಕ್ಕಿಗಳಿಗೆ ಬಿಡುವ ಮನಸ್ಸಿಲ್ಲದಿದ್ದರೆ ಬಲೆ ಕಟ್ಟಿ.

ನಿಮ್ಮಲ್ಲಿ ಹಳದಿ ಮತ್ತು ಕೆಂಪು ಬೇರೆ ಬೇರೆ ಗಿಡಗಳಲ್ಲಿ ಇರುವುದರಿಂದ ಕಾರಣಗಳೂ ಎರಡು ಇರುವ ಸಾಧ್ಯತೆ ಹೆಚ್ಚು. ಎರಡೂ ಬಗೆಯ ಒಂದೊಂದು ಗಿಡದ ಬೇರಿನ ಮತ್ತು ಎಲೆಯ ಹಿಂಬದಿಯ ಚಿತ್ರ ಹಾಕಿ. ಅಲ್ಲಿಯವರೆಗೆ ಬೋರ್ಡೋ ಡ್ರಮ್ಮನ್ನು ಬ್ಲೂಬೆರಿಯ ಹತ್ತಿರ ತರಬೇಡಿ.