ಗ್ರೀಕಿನ ‘ಕನೀಸ್’ ಎಂದರೆ ‘ಯಾರಾದರೂ’ ಎಂದೋ, ‘ಯಾರೂ ಇಲ್ಲ’ ಎಂದೋ?

ಆಧುನಿಕ ಗ್ರೀಕಿನ ‘ಕಾಪ್ಯೊಸ್’, ‘ಕನೀಸ್’, ‘ಒಪ್ಯೊಸ್ದೀಪೊತೆ’ ಮೂರಕ್ಕೂ ಪಠ್ಯದಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿದ್ದಾರೆ, ಯಾವುದನ್ನು ಎಲ್ಲಿ ಬಳಸಬೇಕು ಎಂದು ಕೇಳಿದ್ದೀರಿ. ಈ ಒಂದು ಪಾಠದ ಮಟ್ಟಿಗೆ ಇಂಗ್ಲಿಷ್ ವಿವರಣೆಯನ್ನು ಬದಿಗಿಟ್ಟು ನೇರವಾಗಿ ಕನ್ನಡದಿಂದ ಹೊರಡಿ. ನಾನು ಹಾಗೆಯೇ ಕಲಿತೆ, ಈಗಲೂ ಅದನ್ನೇ ಹೇಳುತ್ತೇನೆ.

ನಾವು ‘ಯಾರು’ ಎಂಬುದಕ್ಕೆ ‘ಓ’ ಸೇರಿಸಿ ‘ಯಾರೋ’ ಮಾಡುತ್ತೇವೆ. ಗ್ರೀಕರು ಪ್ರಶ್ನಾಪದದ ಆರಂಭಕ್ಕೆ ‘ಕಾ’ ಅಂಟಿಸುತ್ತಾರೆ. ‘ಪ್ಯೋಸ್’ ಯಾರು, ‘ಕಾಪ್ಯೊಸ್’ ಯಾರೋ. ‘ತಿ’ ಏನು, ‘ಕಾತಿ’ ಏನೋ. ‘ಪೂ’ ಎಲ್ಲಿ, ‘ಕಾಪು’ ಎಲ್ಲೋ. ‘ಪೋಸ್’ ಹೇಗೆ, ‘ಕಾಪೊಸ್’ ಹೇಗೋ. ಒತ್ತು ಯಾವಾಗಲೂ ‘ಕಾ’ ಮೇಲೆಯೇ ಬೀಳುತ್ತದೆ. ಇಷ್ಟಕ್ಕೆ ಒಂದು ಸಂಜೆ ಸಾಕು.

ನಿಜವಾದ ಗಂಟು ಇರುವುದು ‘ಕನೀಸ್’ನಲ್ಲಿ. ‘ಈರ್ಥೆ ಕನೀಸ್?’ ಎಂದರೆ ‘ಯಾರಾದರೂ ಬಂದರೇ?’ ‘ದೆನ್ ಈರ್ಥೆ ಕನೀಸ್’ ಎಂದರೆ ‘ಯಾರೂ ಬರಲಿಲ್ಲ’. ಒಂದೇ ಪದ ಎರಡು ಕಡೆಯೂ ಹೇಗೆ ಸಲ್ಲುತ್ತದೆ? ಅದರ ಜೋಡಿ ರೂಪವಾದ ‘ಕನೇನಸ್’ ಅನ್ನು ಬಿಡಿಸಿ ನೋಡಿ. ‘ಕಾನ್’ ಮತ್ತು ‘ಏನಸ್’, ಅಂದರೆ ‘ಆದರೂ’ ಮತ್ತು ‘ಒಬ್ಬ’. ಕೂಡಿಸಿದರೆ ನಮ್ಮ ‘ಒಬ್ಬನಾದರೂ’! ಒಬ್ಬನಾದರೂ ಬಂದನೇ? ಒಬ್ಬನಾದರೂ ಬರಲಿಲ್ಲ. ಕನ್ನಡದಲ್ಲಿ ಎರಡೂ ಸಹಜವಲ್ಲವೇ? ಇದು ಹೊಳೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ವಸ್ತುಗಳ ವಿಷಯದಲ್ಲಿ ಇದೇ ಕೆಲಸವನ್ನು ‘ತೀಪೊತಾ’ ಮಾಡುತ್ತದೆ. ಅಥೆನ್ಸಿನ ಬೇಕರಿಯಲ್ಲಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಾ ಅಂಗಡಿಯಾಕೆ ‘ತೀಪೊತ್ ಆಲ್ಲೊ?’ ಎನ್ನುತ್ತಾರೆ: ಇನ್ನೇನಾದರೂ ಬೇಕೇ? ನೀವು ‘ಓಹಿ, ತೀಪೊತಾ’ ಎನ್ನುತ್ತೀರಿ: ಇಲ್ಲ, ಏನೂ ಬೇಡ. ಪ್ರಶ್ನೆಯಲ್ಲೂ ಉತ್ತರದಲ್ಲೂ ಅದೇ ಪದ.

ಕನ್ನಡ ಕೈಕೊಡುವ ಜಾಗವೂ ಇದೇ. ನಾವು ಉತ್ತರಿಸುವಾಗ ‘ಯಾರೂ’ ಎಂದು ನಿಲ್ಲಿಸಲಾರೆವು, ‘ಇಲ್ಲ’ ಸೇರಿಸಲೇಬೇಕು. ಗ್ರೀಕಿನಲ್ಲಿ ‘ಯಾರು ಬಂದರು?’ ಎಂದರೆ ‘ಕನೀಸ್’ ಎಂಬ ಒಂದೇ ಪದ ಸಾಕು. ಆದರೆ ಪೂರ್ಣ ವಾಕ್ಯದಲ್ಲಿ ನಮ್ಮ ‘ಇಲ್ಲ’ದ ಕೆಲಸ ಮಾಡುವ ‘ದೆನ್’ ಬಿಡುವಂತಿಲ್ಲ. ‘ಕನೀಸ್’ ಮೊದಲಿಗೆ ಬಂದರೂ ‘ಕನೀಸ್ ದೆನ್ ಈರ್ಥೆ’ ಎಂದೇ ಹೇಳಬೇಕು. ಇಂಗ್ಲಿಷಿನ ಅಭ್ಯಾಸದಲ್ಲಿ ಯೋಚಿಸುವವರು ಈ ‘ದೆನ್’ ಅನ್ನು ನುಂಗಿಬಿಡುತ್ತಾರೆ.

ಇನ್ನು ‘ಒಪ್ಯೊಸ್ದೀಪೊತೆ’. ಇದು ‘ಯಾರು ಬೇಕಾದರೂ’. ‘ಬೋರೀ ನಾ ತೊ ಕಾನಿ ಒಪ್ಯೊಸ್ದೀಪೊತೆ’: ಅದನ್ನು ಯಾರು ಬೇಕಾದರೂ ಮಾಡಬಹುದು. ಅನುಮಾನ ಬಂದಾಗ ಕನ್ನಡ ವಾಕ್ಯದ ‘ಯಾರಾದರೂ’ ತೆಗೆದು ‘ಯಾರು ಬೇಕಾದರೂ’ ಹಾಕಿ ನೋಡಿ. ಹೊಂದಿದರೆ ‘ಒಪ್ಯೊಸ್ದೀಪೊತೆ’. ‘ಯಾರು ಬೇಕಾದರೂ ಬಂದರೇ?’ ಎಂಬುದು ಕಿವಿಗೇ ಒಗ್ಗುವುದಿಲ್ಲ, ಅಲ್ಲಿ ‘ಕನೀಸ್’.

ವಿಭಕ್ತಿಗೆ ಮಾತ್ರ ಅಡ್ಡದಾರಿಯಿಲ್ಲ, ಬಾಯಿಪಾಠ ಮಾಡಬೇಕು. ‘ಈದಾ ಕಾಪ್ಯೊನ್’ ಯಾರನ್ನೋ ನೋಡಿದೆ, ‘ದೆನ್ ಈದಾ ಕನೇನನ್’ ಯಾರನ್ನೂ ನೋಡಲಿಲ್ಲ. ‘ಕನೀಸ್’ ಪ್ರಥಮಾ ವಿಭಕ್ತಿಗಷ್ಟೇ ಸೀಮಿತ, ಉಳಿದೆಡೆ ‘ಕನೇನಸ್’ನ ರೂಪಗಳು ಬರುತ್ತವೆ. ‘ಕಾತಿ’, ‘ತೀಪೊತಾ’ ಎಲ್ಲಿಯೂ ಬದಲಾಗುವುದಿಲ್ಲ.

‘ಕನೇನಸ್’ನ ಸ್ತ್ರೀಲಿಂಗ ರೂಪ ‘ಕಮ್ಯಾ’ ಸಂಖ್ಯೆಯ ಜೊತೆ ಬಂದಾಗ ಗಾಬರಿಯಾಗಬೇಡಿ. ‘ಕಮ್ಯಾ ದೆಕರ್ಯಾ ಆತೊಮಾ’ ಎಂದರೆ ಯಾರೂ ಇಲ್ಲ ಎಂದಲ್ಲ. ಊಟಕ್ಕೆ ಎಷ್ಟು ಜನ ಎಂದು ಕೇಳಿದಾಗ ನಾವು ಅಂದಾಜಿನ ಮೇಲೆ ಹೇಳುವ ‘ಒಂದು ಹತ್ತು ಜನ’ ಅದು.